ಚೀಲದಲ್ಲಿದ್ದ ಕೇಬಲ್

ಬೇರೆಯಾಗುವ ಕಾಗದಕ್ಕೆ ಇಬ್ಬರೂ ಸಹಿ ಹಾಕಿದ ಮೇಲೆ ಅವನು ನನ್ನಿಂದ ಕೇಳಿದ್ದು ಒಂದೇ: ನಮ್ಮ ಫೋಟೋ, ವೀಡಿಯೊಗಳ ಒಂದು ಪ್ರತಿ. ಅವೆಲ್ಲ ನನ್ನ ಬಳಿ ಉಳಿದ ಹಾರ್ಡ್ ಡಿಸ್ಕಿನಲ್ಲಿದ್ದವು. ಭಾನುವಾರ ಮಧ್ಯಾಹ್ನ ಅವನು ವೇಣೂರಿನ ಅಕ್ಕನ ಮನೆಯಿಂದ ಲ್ಯಾಪ್‌ಟಾಪ್ ಹಿಡಿದುಕೊಂಡು ಸಿದ್ಧಕಟ್ಟೆಗೆ, ನನ್ನ ಬಾಡಿಗೆ ಮನೆಗೆ ಬಂದ.

ಸ್ವಲ್ಪ ಹೊತ್ತಿನ ಕೆಲಸ ಎಂದುಕೊಂಡಿದ್ದೆವು. ಡಿಸ್ಕ್ ಸಿಕ್ಕಿಸಿ ನಕಲು ಶುರುಮಾಡಿದರೆ ನಾಲ್ಕು ಗಂಟೆ ಬೇಕೆಂದು ಪರದೆಯಲ್ಲಿ ಬಂತು.

"ಎಂತ ಮಾರಾಯ್ತಿ ಇದು, ನಮ್ಮ ಬಸ್ಸಿಗಿಂತ ನಿಧಾನ ಉಂಟಲ್ಲ?"

"ಬಸ್ಸಾದ್ರೆ ಕಂಡಕ್ಟರಿಗೆ ಬೈಲಿಕ್ಕಾದ್ರೂ ಆಗ್ತದೆ. ಇಲ್ಲಿ ಯಾರಿಗೆ ಬೈತಿ?"

"ನೀನಿದ್ದಿಯಲ್ಲ!"

ಇಬ್ಬರೂ ನಕ್ಕೆವು. ಹಾಗೆಂದೇ ನೆನಪು; ನಕ್ಕದ್ದು ನಾನೊಬ್ಬಳೇ ಇರಲೂಬಹುದು.

ಅವನ ಮನೆಯವರು ಜೈನರು, ಸೂರ್ಯ ಮುಳುಗಿದ ಮೇಲೆ ಉಣ್ಣುವವರಲ್ಲ. ಮದುವೆಯ ನಂತರ ನನಗೂ ಅದೇ ರೂಢಿಯಾಗಿ, ಒಬ್ಬಳೇ ಇರುವ ಈಗಲೂ ಬಿಟ್ಟಿಲ್ಲ. ನಕಲಿಗೆ ನಾಲ್ಕು ಗಂಟೆ ಹಿಡಿದರೆ ಅವನು ಹೊತ್ತು ಮುಳುಗುವ ಮೊದಲು ಇಲ್ಲೇ ಉಣ್ಣಬೇಕು. ನಾನು ಒಳಗೆ ಹೋಗಿ ಇಬ್ಬರಿಗಾಗುವಷ್ಟು ಕುಚ್ಚಲಕ್ಕಿ ಬೇಯಲಿಟ್ಟು ಸೌತೆಕಾಯಿ ಹೆಚ್ಚಿದೆ. ಒಂದು ಊಟದಿಂದ ಏನು ಬದಲಾಗುತ್ತಿತ್ತು? ಗೊತ್ತಿಲ್ಲ. ಅವನು ನನ್ನೆದುರು ಕೂತು ಉಣ್ಣಬೇಕಿತ್ತು, ಅಷ್ಟೆ.

ಅವನು ಒಂದೊಂದಾಗಿ ಪರೀಕ್ಷಿಸುತ್ತಿದ್ದ. ಆಂಟಿವೈರಸ್ ನಿಲ್ಲಿಸಿದ. ಇನ್ನೊಂದು ಪೋರ್ಟಿಗೆ ಬದಲಿಸಿದ. ಚಿಕ್ಕ ಫೈಲುಗಳು ಹೆಚ್ಚಾದರೆ ಹೀಗಾಗುತ್ತದೆಂದು ದೊಡ್ಡ ವೀಡಿಯೊ ಒಂದನ್ನೇ ಕಳಿಸಿ ನೋಡಿದ, ಅದೂ ಕುಂಟಿತು. ಡಿಸ್ಕಿನ ಹತ್ತಿರ ಕಿವಿಯಿಟ್ಟು, "ಶಬ್ದ ಎಲ್ಲ ಸರಿ ಉಂಟು, ಹಾಳಾಗಿಲ್ಲ" ಎಂದ.

ಅನ್ನ ಬೆಂದಿತ್ತು.

"ಈ ವೈರು ಎಲ್ಲಿದು?"

"ನನ್ನ ಹಳೇ ಮೊಬೈಲಿಂದು. ಡಿಸ್ಕಿನದ್ದು ಹುಡುಕಿದೆ, ಸಿಗ್ಲಿಲ್ಲ."

ಡಿಸ್ಕಿನ ಅಗಲವಾದ ಕಿಂಡಿಯಲ್ಲಿ ಆ ವೈರು ಅರ್ಧ ಜಾಗದಲ್ಲಷ್ಟೇ ಕೂರುತ್ತದೆ. ಕೆಲಸವೇನೋ ನಡೆಯುತ್ತದೆ, ಹಳೆಯ ಕಾಲದ ವೇಗದಲ್ಲಿ. ಅವನು ತನ್ನ ಚೀಲದ ಪಕ್ಕದ ಜೇಬಿನಿಂದ ಅಗಲ ತುದಿಯ ಕೇಬಲ್ ತೆಗೆದ. ಡಿಸ್ಕಿನ ಜೊತೆ ಬಂದದ್ದು ಅದೇ. ಮನೆ ಬಿಟ್ಟಾಗ ಅವನ ಸಾಮಾನಿನೊಂದಿಗೆ ಹೋಗಿತ್ತು.

"ಇದು ನಿನ್ನ ಹತ್ರ ಇತ್ತಾ?"

"ಇತ್ತು" ಎಂದ, ಪರದೆಯಿಂದ ಕಣ್ಣೆತ್ತದೆ.

ಆಮೇಲೆ ಎಲ್ಲವೂ ಸರಸರನೆ ಮುಗಿಯಿತು. ಬಿಸಿಲಿನ್ನೂ ಅಂಗಳದಲ್ಲಿತ್ತು.

"ಊಟ ಮಾಡಿ ಹೋಗು. ಆಗಿದೆ."

"ಬೇಡ, ಅಕ್ಕ ಕಾಯ್ತಾಳೆ. ಈಗಿನ ಬಸ್ಸು ಸಿಕ್ಕಿದ್ರೆ ಹೊತ್ತು ಮುಳುಗುವ ಮೊದಲು ಮುಟ್ತೇನೆ." ಕೇಬಲನ್ನು ಸುತ್ತಿ ಡಿಸ್ಕಿನ ಮೇಲಿಟ್ಟ. "ಇದು ಇಲ್ಲೇ ಇರಲಿ."

ಇಂಥ ಕೆಲಸ ಬಲ್ಲ ಯಾರೇ ಆದರೂ ಮೊದಲು ನೋಡುವುದು ವೈರನ್ನೇ. ಕೇಬಲ್ ಚೀಲದಲ್ಲಿದ್ದೂ ಅವನು ಅಷ್ಟು ಹೊತ್ತು ಬೇರೆಲ್ಲ ಕಡೆ ಹುಡುಕಿದ್ದು ಇನ್ನೂ ಸ್ವಲ್ಪ ಕೂತಿರುವ ಆಸೆಯಿಂದ ಎಂದು ನಂಬಿಕೊಳ್ಳಲು ನನಗೆ ಇಷ್ಟ. ಇಷ್ಟವಾದ್ದರಿಂದಲೇ ಅನುಮಾನ. ಆ "ಇತ್ತು" ಈಗೀಗ ನನಗೆ ಮೆಲ್ಲಗೆ ಕೇಳಿಸತೊಡಗಿದೆ; ಅಂದು ಹಾಗೆ ಕೇಳಿಸಿತ್ತೇ? ಮರೆತೇ ಹೋಗಿದ್ದ ಕೇಬಲ್ ಆ ಗಳಿಗೆಯಲ್ಲಿ ನೆನಪಾಗಿರಲೂ ಸಾಕು. ನಿಜಕ್ಕೂ ಇರಬೇಕೆಂದಿದ್ದರೆ ಅವನು ಅದನ್ನು ಹೊರಗೆ ತೆಗೆಯುತ್ತಲೇ ಇರಲಿಲ್ಲ.

ಅಂದು ನಾನು ಉಣ್ಣಲು ಕೂತಾಗ ಹೊರಗೆ ಕತ್ತಲಾಗಿತ್ತು.