ಆ ಭಾನುವಾರ ಎಸ್ತೇರಮ್ಮ ರೊಟ್ಟಿ ಒಯ್ಯಲಿಲ್ಲ

ನೀತಾಳ ಬಾಯಿಂದ ಇಳಿದ ರಕ್ತ ಪರಾತದೊಳಗೆ ಬಿದ್ದಾಗ ಎಸ್ತೇರಮ್ಮ ಮರುದಿನದ ಪ್ರಭುಭೋಜನದ ರೊಟ್ಟಿಗೆಂದು ಹಿಟ್ಟು ನಾದುತ್ತಿದ್ದಳು. ಶನಿವಾರ, ಮಧ್ಯಾಹ್ನ ಮೂರು ಗಂಟೆ. ಹುಡುಗಿಯ ಮುಂದಿನ ಎರಡು ಹಲ್ಲು ಇರಲಿಲ್ಲ. ಮೇಲ್ತುಟಿ ಮೂಗಿನ ತನಕ ಸೀಳಿತ್ತು.

"ಯಾತರಿಂದ ಹೊಡದ?"

"ಜಾಕಿನ ರಾಡ್‌ಲಿಂದ."

"ಯಾಕ?"

"ಜಳಕದ ನೀರು ಕಾದಿದ್ದಿಲ್ಲಕ್ಕ."

ಹೊಡೆದವನು ನೀತಾಳ ಗಂಡ ಸುಶಾಂತ. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಊರ ಅಂಚಿನ ಪುಟ್ಟ ಪ್ರಾರ್ಥನಾ ಮಂದಿರದ ಸಭಾಹಿರಿಯನೂ ಹೌದು. ತಿಂಗಳ ಮೊದಲ ಭಾನುವಾರ ಬಿಳಿ ಅಂಗಿ ತೊಟ್ಟು ಪ್ರಭುಭೋಜನದ ತಟ್ಟೆ ಹಿಡಿಯುವ ಕೈ ಅವನದೇ.

ಎಸ್ತೇರಮ್ಮ ಹುಟ್ಟಿದ್ದು ನೆಲೋಗಿಯಲ್ಲಿ, ಸೊಸೆಯಾಗಿ ಬಂದದ್ದು ಹವಳಗಾಕ್ಕೆ. ಗಂಡ ಸತ್ತು ಹನ್ನೆರಡು ವರ್ಷವಾಯಿತು. ಅವನು ಬಿಟ್ಟುಹೋದ ಆಸ್ತಿ ಎಂದರೆ ಅವನ ಏಟಿಗೆ ಕಿವುಡಾದ ಅವಳ ಎಡಗಿವಿ. ಪಕ್ಕದ ಮನೆಯ ಬಾನುಬಿ ಮತ್ತು ಅವಳದು ಒಂದೇ ಒಲೆ. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಹಂಚಿನ ಮೇಲೆ ಬೇಯಿಸುತ್ತಾಳೆ. ಆ ರೊಟ್ಟಿ ಅಫಜಲಪುರದ ಖಾನಾವಳಿಗಳಿಗೆ ಹೋಗುತ್ತದೆ. ಪೇಟೆಯ ಬ್ರೆಡ್ಡು ಊರು ಮುಟ್ಟುವುದರೊಳಗೆ ಬೂಸ್ಟು ಹಿಡಿಯುತ್ತದೆಂದು ಹಿಂದಿನ ಪಾಸ್ಟರ್ ಒಬ್ಬರು, ಪ್ರಭುಭೋಜನಕ್ಕೆ ಜೋಳದ ರೊಟ್ಟಿಯನ್ನೇ ಮುರಿಯೋಣ ಎಂದಿದ್ದರು. ಅಂದಿನಿಂದ ಆ ರೊಟ್ಟಿ ಎಸ್ತೇರಮ್ಮನ ಪಾಲಿನದು. ಊಟಕ್ಕೆ ಕೂತವರ ಜಾತಿಯನ್ನು ಯೇಸು ಕೇಳುತ್ತಿರಲಿಲ್ಲ ಎಂಬುದನ್ನು ಅವಳು ಪ್ರಸಂಗ ಕೇಳಿ ಕಲಿಯಲಿಲ್ಲ, ಬಾನುಬಿಯ ಜತೆ ಒಂದೇ ತಾಟಿನಲ್ಲಿ ಪುಂಡಿಪಲ್ಲೆ ತಿಂದು ಕಲಿತಳು.

ನೀತಾ ಹೀಗೆ ಓಡಿ ಬಂದದ್ದು ಮೂರನೇ ಸಲ. ಮೊದಲೆರಡು ಸಲ "ತಾಳ್ಕೋ ತಂಗಿ, ದೇವರು ನೋಡ್ತಾನ" ಎಂದು ಕೈಹಿಡಿದು ಗಂಡನ ಮನೆಗೆ ಬಿಟ್ಟುಬಂದವಳು ಇದೇ ಎಸ್ತೇರಮ್ಮ. ಮೊದಲ ಸಲ ಹೊಟ್ಟೆಯೊಳಗಿನ ಕೂಸು ಹೋಯಿತು. ಎರಡನೇ ಸಲ ಪಕ್ಕೆಲುಬು ಮುರಿಯಿತು. ದೇವರು ನೋಡಿದ. ಎಸ್ತೇರಮ್ಮನೂ ನೋಡಿದಳು. ನೋಡಿದ್ದರಿಂದ ಯಾರ ಎಲುಬೂ ಕೂಡಲಿಲ್ಲ.

"ಈ ಸಲ ಕಳಿಸಿದಿ ಅಂದ್ರ ಇಕಿ ಮೈಯತ್ ಎತ್ತಾಕ, ಹೆಣ ಹೊರಾಕ ಹೋಗಬೇಕು ನಾವು," ಎಂದಳು ಬಾನುಬಿ, ನೀತಾಳ ತುಟಿಗೆ ಬಟ್ಟೆ ಒತ್ತುತ್ತ. "ನಿಮ್ಮ ಯೇಸುಸ್ವಾಮಿ ಹೊಡಿಸ್ಕೊಂಡ್ರು, ಖರೆ. ಜಳಕದ ನೀರಿನ ಸಲುವಾಗಿ ಅಲ್ಲ."

ಎಸ್ತೇರಮ್ಮ ರಕ್ತ ಬಿದ್ದ ಹಿಟ್ಟನ್ನು ಚೆಲ್ಲಿ ಬೇರೆ ಎಸರಿಟ್ಟಳು. ಖಾನಾವಳಿಯ ರೊಟ್ಟಿ ಇನ್ನೂ ಆಗಬೇಕಿತ್ತು. ಐದು ಗಂಟೆಗೆ ಪಾಸ್ಟರ್ ಬಂದರು. ಹಿಂದೆ ಸುಶಾಂತ. ಪಾಸ್ಟರ್ ಕುರ್ಚಿ ಎಳೆದು ಕೂತು ಪರಾತದ ಕಡೆ ಕೈ ತೋರಿಸಿದರು.

"ರೊಟ್ಟಿ ನೋಡ್ರಿ ಎಸ್ತೇರಮ್ಮ. ಬಡದಷ್ಟೂ ಅಗಲ ಆಗತದ. ಹೆಣ್ಣಿನ ಬಾಳೂ ಹಾಂಗ. ನಾಳೆ ಪ್ರಭುಭೋಜನ ಅದ, ಸಮಾಧಾನ ಹೇಳಿ ಕಳಸ್ರಿ ಇಕಿನ್ನ."

ಹಿಟ್ಟಿನೊಳಗೆ ಎಂದೂ ಕೈ ಇಡದ ಗಂಡಸರೇ ರೊಟ್ಟಿಯ ಮೇಲೆ ಪ್ರಸಂಗ ಮಾಡುತ್ತಾರೆ.

"ನೀವು ಎಂದರ ಬಡದೀರೇನ್ರಿ?" ಎಂದಳು ಎಸ್ತೇರಮ್ಮ. "ಜೋರ್ ಬಡದ್ರ ರೊಟ್ಟಿ ಹರೀತದ. ಅಂಗೈ ಹಗೂರ ಆಡಸಬೇಕು, ಸುತ್ತ ತಿರುಗಿಸ್ಕೋತ ಹೋಗಬೇಕು. ನಾ ಹಿಟ್ಟಿಗಿ ಕೊಡೋ ಮರ್ಯಾದಿ ಇಂವ ಹೇಂತಿಗಿ ಕೊಟ್ಟಿಲ್ಲ. ಕಳಸೂದಿಲ್ಲ."

"ಏನಂದಿ ಬೇ?"

ಸುಶಾಂತ ಎರಡೇ ಹೆಜ್ಜೆಗೆ ಒಳಗೆ ನುಗ್ಗಿ ನೀತಾಳ ಜಡೆ ಹಿಡಿದ. ಎಳೆದ ರಭಸಕ್ಕೆ ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು. ನಡುವೆ ಬಂದ ಎಸ್ತೇರಮ್ಮನ ಬಲಗೈ ಹಿಡಿದು, ಕೆಂಪಗೆ ಕಾದ ಹಂಚಿನ ಮೇಲೆ ಒತ್ತಿ ಹಿಡಿದ. ಮನೆಯೆಲ್ಲ ಸುಟ್ಟ ಚರ್ಮದ ವಾಸನೆ. "ಬಿಡಪ್ಪ ಸುಶಾಂತ, ಬಿಡಪ್ಪ" ಎಂದರು ಪಾಸ್ಟರ್. ಮಾತು ಬಂತು, ಕಾಲು ಮುಂದೆ ಬರಲಿಲ್ಲ. ಬಾನುಬಿ ಪಕ್ಕದ ಕೋಡೊಲೆಗೆ ಕೈ ಹಾಕಿದಳು. ಹಿಟ್ಟಿಗೆಂದು ಕುದಿಯುತ್ತಿದ್ದ ಎಸರನ್ನು ಎತ್ತಿ ಅವನ ಪಾದದ ಮೇಲೆ ಸುರಿದಳು.

ಅವನು ಊಳಿಡುತ್ತ ಹೊರಗೆ ಓಡಿದ.

"ನೀರು ಕಾದಾವ ನೋಡಪ್ಪ, ಜಳಕ ಮಾಡು," ಎಂದಳು ಬಾನುಬಿ.

ಪಾಸ್ಟರ್ ಹೊಸ್ತಿಲಲ್ಲಿ ನಿಂತು, "ಮನಿ ಮಾತು ಹೊರಗ ಹಾಕಬ್ಯಾಡ್ರಿ. ನಾಳೆ ರೊಟ್ಟಿ ತಪ್ಪಸಬ್ಯಾಡ್ರಿ," ಎಂದು ಹೇಳಿ ಹೋದರು. ಅಂಗೈ ಬೆಂದವಳಿಗೆ ಹೇಳಿದ ಮಾತು ಇದು.

ಭಾನುವಾರ ಎಸ್ತೇರಮ್ಮ ಬಟ್ಟೆ ಸುತ್ತಿದ ಬರಿಗೈಯಲ್ಲಿ ಮಂದಿರಕ್ಕೆ ಬಂದಳು. ಜತೆಗೆ ನೀತಾ. ಮೇಜಿನ ಮೇಲೆ ಬೇಕರಿಯ ಬನ್ನು ಬಂದು ಕೂತಿತ್ತು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಸುಶಾಂತ ಬಿಳಿ ಅಂಗಿಯಲ್ಲಿ ಹಿತ್ತಾಳೆ ತಟ್ಟೆ ಹಿಡಿದು ನಿಂತಿದ್ದ.

ಕಾಣಿಕೆ ತರುವಾಗ ಯಾರಿಗಾದರೂ ನಿನ್ನಿಂದ ನೋವಾದದ್ದು ನೆನಪಾದರೆ ಕಾಣಿಕೆ ಅಲ್ಲೇ ಇಟ್ಟು ಮೊದಲು ಅವರ ಹತ್ತಿರ ಹೋಗು ಎಂದು ಯೇಸು ಹೇಳಿದ್ದನ್ನು ಇದೇ ಪಾಸ್ಟರ್ ಓದಿ ಹೇಳಿದ್ದರು. ಎಸ್ತೇರಮ್ಮನಿಗೆ ಓದು ಬರುವುದಿಲ್ಲ. ಕೇಳಿದ್ದು ಮರೆಯುವುದೂ ಬರುವುದಿಲ್ಲ. ಅವಳು ಎದ್ದು ಮೇಜಿನ ಮುಂದೆ ಹೋದಳು.

"ಈ ಕೈಲಿಂದ ನಾವು ತಗೋಬೇಕೇನ್ರಿ? ನೀತಾ, ಬಾ ಇಲ್ಲಿ. ಬಾಯಿ ತೆರಿ ತಂಗಿ."

ನೀತಾ ಬಾಯಿ ತೆರೆದಳು. ನಲವತ್ತು ಜನ ನೋಡಿದರು.

ಸುಶಾಂತ ತಟ್ಟೆಯಿಂದಲೇ ಎಸ್ತೇರಮ್ಮನ ಕಪಾಳಕ್ಕೆ ಬೀಸಿದ. ಬನ್ನಿನ ಚೂರು ಚಾಪೆಯ ಮೇಲೆಲ್ಲ ಚೆಲ್ಲಿದವು. ಮೇಜಿನ ಬಿಳಿ ಬಟ್ಟೆ ಕೆಂಪಾಯಿತು. ಎರಡನೇ ಏಟಿಗೆ ಕೈ ಎತ್ತುವಷ್ಟರಲ್ಲಿ ಹೆಂಗಸರು ಅವನ ಮೇಲೆ ಬಿದ್ದಿದ್ದರು. ಅಂಗಿ ಹರಿಯಿತು, ಮೂಗು ಒಡೆಯಿತು. ಒಬ್ಬಳು ಹೊರಗೆ ಹೋಗಿ ಚಪ್ಪಲಿ ತಂದಳು, ಇನ್ನೊಬ್ಬಳು ಕಲ್ಲು. ಕಲ್ಲು ಕಂಡದ್ದೇ ಎಸ್ತೇರಮ್ಮ, ಕಿವಿಯಿಂದ ರಕ್ತ ಸುರಿಸುತ್ತ, ಅವನ ಮೇಲೆ ಅಡ್ಡ ಬಾಗಿದಳು.

"ಸಾಕು ಬಿಡ್ರಿ. ಸತ್ರ ಜೈಲಿಗಿ ಯಾರನ್ನ ಕಳಸೂದು?"

ಮಧ್ಯಾಹ್ನ ಟಂಟಂ ಆಟೋ ತುಂಬ ಹೆಂಗಸರು ಅಫಜಲಪುರದ ಠಾಣೆಗೆ ಹೋದರು. ಪಾಸ್ಟರೂ ಹಿಂದೆಯೇ ಬಂದರು. ರಾಜಿ ಮಾಡಿಸಬಹುದೇ ಎಂದು ಕೇಳಲು ಬಂದಿದ್ದರು. ದೂರು ಯಾರದು ಎಂದು ಫೌಜದಾರರು ಕೇಳಿದಾಗ ಎಸ್ತೇರಮ್ಮ ಬಾಯಿ ತೆರೆದಳು. ನೀತಾ ಅವಳ ತೋಳು ಹಿಡಿದು ಹಿಂದೆ ಸರಿಸಿದಳು.

"ನಂದ್ರಿ. ಬರ್ಕೊಳ್ರಿ. ನಾ ಆ ಮನಿಗಿ ಹೊಳ್ಳಿ ಹೋಗೂದಿಲ್ಲ."

ಸೀಳಿದ ತುಟಿಯ ಮಾತು ಅರ್ಥವಾಗದೆ ಅವರು ಮತ್ತೆ ಕೇಳಿದರು. ಮೂರು ಸಲ ಕೇಳಿದರು. ಮೂರು ಸಲವೂ ಹೇಳಿದಳು.

"ನೋಡಿದವರು ಯಾರದಾರ?"

ನೀತಾ ಪಾಸ್ಟರ್ ಕಡೆ ಬೆರಳು ತೋರಿಸಿದಳು. "ನಿನ್ನೆನೂ ಇದ್ರು, ಇವತ್ತೂ ಇದ್ರು. ಇವರೇ ಸಹಿ ಮಾಡ್ಲಿ."

ಪಾಸ್ಟರ್ ಜೇಬಿನೊಳಗೆ ಕನ್ನಡಕ ಹುಡುಕತೊಡಗಿದರು. ಕನ್ನಡಕ ಮೂಗಿನ ಮೇಲೇ ಇತ್ತು. ನೀತಾ ಪೆನ್ನು ಮುಂದೆ ಹಿಡಿದು ನಿಂತೇ ಇದ್ದಳು.