ಫ್ಯೂಸಣ್ಣ ಮತ್ತು ಅಕ್ಕನ ಒವನ್

ಒವನ್ ರಿಪೇರಿಯವನಿಗೆ ಫ್ಯೂಸಣ್ಣ ಎಂದು ಹೆಸರಿಟ್ಟವರು ಅವನ ಭಾವ. ಯಾವ ಮಾತಿಗೆ ಸಿಡಿದು ಹೋಗುತ್ತಾನೋ ಹೇಳಲಾಗುವುದಿಲ್ಲ ಎಂದು, ಅಕ್ಕನನ್ನು ಮದುವೆಯಾದ ಹೊಸದರಲ್ಲೇ ಹಾಗೆ ಕರೆದಿದ್ದರು. ಆಮೇಲೆ ಬೀದಿಯವರು ಕರೆದರು, ಅಂಗಡಿಯವರು ಕರೆದರು, ಕೊನೆಗೆ ಕಟ್ಟಿಕೊಂಡ ಹೆಂಡತಿಯೂ ಫೋನಿನಲ್ಲಿ ಅದೇ ಹೆಸರು ಹಾಕಿಕೊಂಡಳು. ರೇಗಾಡಿದರೆ ಹೆಸರು ಇನ್ನೂ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ ಎಂದು ತಿಳಿದು ಅವನು ಸುಮ್ಮನಾದ.

ಅವನು ಕೆಲಸ ಕಲಿತ ಕಾಲಕ್ಕೆ ಒವನ್ ಎಂದರೆ ತಿರುಗಿಸುವ ಒಂದು ಗುಂಡಿ, ಒಳಗೆ ಕಾಯಿಲ್, ಅಷ್ಟೇ. ಏನು ಸುಟ್ಟಿದೆ ಎಂಬುದು ಮೂಸಿ ನೋಡಿದರೂ ಗೊತ್ತಾಗುತ್ತಿತ್ತು. ಈಗ ಎಲ್ಲದಕ್ಕೂ ಎಲೆಕ್ಟ್ರಾನಿಕ್ ಬೋರ್ಡು. ಏನಾದರೂ ಕೆಟ್ಟರೆ ಮುಂದಿನ ಗಾಜಿನ ಮೇಲೆ ಒಂದು ಅಕ್ಷರ, ಒಂದು ಅಂಕಿ ತೋರಿಸಿ, ಕುಯ್ಯೆಂದು ಕೂಗಿ, ಕಣ್ಣು ಮುಚ್ಚಿ ಕೂತುಬಿಡುತ್ತದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವನು ನಡುವಯಸ್ಸಿನಲ್ಲಿ ಕನ್ನಡಕ ಏರಿಸಿಕೊಂಡು ಅದನ್ನೂ ಕಲಿತ. ಕಲಿತದ್ದಕ್ಕೆ ಯಾರೂ ಬೆನ್ನು ತಟ್ಟಲಿಲ್ಲ. ಬೆನ್ನು ಮಾತ್ರ ನೋಯತೊಡಗಿತು.

ಆ ಮಧ್ಯಾಹ್ನ ಅವನು ಅಕ್ಕನ ಮನೆಯ ಮೆಟ್ಟಿಲು ಹತ್ತುತ್ತಿದ್ದದ್ದು ಅವಳ ಒವನ್ನಿಗಾಗಿ ಮೂರನೇ ಸಲ. ಬೆಳಗ್ಗೆ ಲಿಫ್ಟ್ ಕೆಟ್ಟ ಕಟ್ಟಡದ ತುತ್ತತುದಿಯ ಮನೆಯೊಂದನ್ನು ಮುಗಿಸಿ ಬಂದಿದ್ದ. ಊಟ ಇನ್ನೂ ಆಗಿರಲಿಲ್ಲ. ಬಾಗಿಲು ತೆರೆದ ಭಾವ, ಬಾಪ್ಪ, ಮನೆ ಡಾಕ್ಟರು ಬಂದರು, ರೋಗಿ ಇನ್ನೂ ಬದುಕಿದೆ ಎಂದರು. ಅವನು ನಗಲಿಲ್ಲ.

ನಗುವ ಹೊತ್ತೂ ಅದಾಗಿರಲಿಲ್ಲ. ಭಾವ ಬಸ್ಸಿನ ಡ್ರೈವರ್ ಆಗಿದ್ದವರು. ಮೊಣಕಾಲು ಕೈಕೊಟ್ಟ ಮೇಲೆ ಆ ಮನೆಯ ಒಲೆ ಉರಿಯುತ್ತಿದ್ದದ್ದು ಅಕ್ಕನ ಒವನ್ನಿನಿಂದ. ಹತ್ತಿರದ ನರ್ಸುಗಳ ಹಾಸ್ಟೆಲಿಗೆ ಅವಳು ದಿನವೂ ನಸುಕಿಗೇ ಎದ್ದು ಬ್ರೆಡ್ಡು ಬನ್ನು ಸುಟ್ಟು ಕೊಡುತ್ತಿದ್ದಳು. ಈಚೆಗೆ ಒವನ್ ನಡುವೆಯೇ ಆರಿ, ಹಿಟ್ಟು ಅರೆಬೆಂದು ಕುಸಿದು, ಹಾಸ್ಟೆಲಿಗೆ ಮತ್ತೆ ಮತ್ತೆ ಇಲ್ಲ ಎನ್ನಬೇಕಾಗಿ ಬಂದಿತ್ತು. ವಾರ್ಡನಮ್ಮ ಒಳ್ಳೆಯವಳೇ, ಆದರೆ ಹುಡುಗಿಯರ ಹೊಟ್ಟೆ ಕೇಳಬೇಕಲ್ಲ. ಇವತ್ತು ಸಂಜೆಗಾದರೂ ಬ್ರೆಡ್ ಬರಲಿಲ್ಲವೆಂದರೆ ಬೇಕರಿಯವನಿಗೆ ಹೇಳುತ್ತೇನೆ ಎಂದು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು.

ಅಡುಗೆಮನೆಯಲ್ಲಿ ಅಕ್ಕ ನಾದಿದ ಹಿಟ್ಟನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು ನಿಂತಿದ್ದಳು. ಒವನ್ನಿನ ಗಾಜಿನ ಮೇಲೆ ಇ-ಮೂರು ಎಂಬುದು ಮಿನುಗುತ್ತಿತ್ತು. ಒಳಗಿನ ಬಿಸಿ ಎಷ್ಟಿದೆ ಎಂದು ಬೋರ್ಡಿಗೆ ತಿಳಿಸುವ ಸೆನ್ಸರಿನಿಂದ ಸುದ್ದಿ ಬರುತ್ತಿಲ್ಲ ಎಂದು ಅದರ ಅರ್ಥ. ಮೊದಲ ಸಲ ಬಂದಾಗ ಬೋರ್ಡಿನಲ್ಲಿ ಸಡಿಲವಾದ ಬೆಸುಗೆಯನ್ನು ಮತ್ತೆ ಹಚ್ಚಿದ್ದ. ಎರಡನೇ ಸಲ ಸೆನ್ಸರನ್ನೂ ಬೋರ್ಡನ್ನೂ ಬದಲಿಸಿದ್ದ. ಎರಡು ಸಲವೂ ಅವನೆದುರು ಒವನ್ ಹೊಸ ಸೊಸೆಯ ಹಾಗೆ ತಲೆ ತಗ್ಗಿಸಿಕೊಂಡು ಕೆಲಸ ಮಾಡಿತ್ತು. ಮಾರನೆಯ ದಿನ ಮತ್ತೆ ಇ-ಮೂರು.

ಅವನು ಉಸ್ಸೆಂದು ಒವನ್ನನ್ನು ಗೋಡೆಯಿಂದ ಎಳೆದ. ಪ್ಲಗ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿ, ಸೆನ್ಸರಿನ ತಂತಿಯನ್ನು ಬೋರ್ಡಿನಿಂದ ಬಿಡಿಸಿ ಮೀಟರ್ ಹಚ್ಚಿದ. ಅಂಕಿ ಸರಿಯಾಗಿ ಬಂತು. ತಂತಿ ಅಲ್ಲಾಡಿಸಿದ, ಸೆನ್ಸರಿಗೆ ಬಿಸಿ ಗಾಳಿ ಊದಿದ, ಬೋರ್ಡನ್ನು ಬೆಳಕಿಗೆ ಹಿಡಿದ. ಎಲ್ಲಾ ಸರಿ. ಸರಿಯಾಗಿರುವುದನ್ನು ರಿಪೇರಿ ಮಾಡುವುದಕ್ಕಿಂತ ದೊಡ್ಡ ಶಿಕ್ಷೆ ಈ ಕಸುಬಿನಲ್ಲಿಲ್ಲ.

"ನೀನಿರೋವಾಗ ಇದಕ್ಕೆ ಏನೂ ಆಗಲ್ಲ ಕಣೋ," ಅಂದಳು ಅಕ್ಕ. "ನೀನು ಆ ಕಡೆ ಹೋದೆ, ಇದು ಈ ಕಡೆ ಶುರು."

"ನಾನೇನು ಇದಕ್ಕೆ ಮಂತ್ರ ಹಾಕ್ತೀನಾ? ಒವನ್ನಿಗೆ ಕಣ್ಣಿದೆಯಾ, ಯಾರು ಬಂದ್ರು ಯಾರು ಹೋದ್ರು ಅಂತ ನೋಡೋಕೆ?"

ಅಕ್ಕ ಹಿಟ್ಟಿನ ಮೇಲಿನ ಬಟ್ಟೆಯನ್ನು ಸರಿಮಾಡಿದಳು. ಗಿರಾಕಿಗಳ ಮಾತನ್ನು ಅವನು ಹೀಗೇ ಅರ್ಧಕ್ಕೆ ಕತ್ತರಿಸುವುದು. ಎತ್ತಿ ಆಡಿಸಿದ ಅಕ್ಕನಿಗೂ ಅದೇ ಕತ್ತರಿ. ಹೇಳಿದ ಮರುಕ್ಷಣ ಅವನಿಗೇ ಕೆಡುಕೆನಿಸಿತು, ಆದರೆ ಮಾತನ್ನು ವಾಪಸು ತೆಗೆದುಕೊಳ್ಳುವಷ್ಟು ತ್ರಾಣವೂ ಇರಲಿಲ್ಲ.

ಎದ್ದು ನಿಲ್ಲಲೂ ಆಗದೆ ಅವನು ಪಾತ್ರೆಗಳ ಕಪಾಟಿಗೆ ಒರಗಿ ನೆಲದ ಮೇಲೆ ಕೂತ. ಇನ್ನು ಹುಡುಕಲು ಏನೂ ಉಳಿದಿಲ್ಲ, ತಳ್ಳಿಬಿಡಿ ಭಾವ ಎಂದ. ಒವನ್ನನ್ನು ಗೋಡೆಗೆ ತಳ್ಳುವುದು ಎಂದೂ ಅವನ ಕೆಲಸವಲ್ಲ. ಕೆಲಸ ಕಲಿತ ಹೊಸದರಲ್ಲಿ ಒಂದು ಮನೆಯಲ್ಲಿ ಹಾಗೆ ತಳ್ಳುವಾಗ ನೆಲದ ಟೈಲ್ಸು ಒಡೆದು, ಮನೆಯೊಡತಿ ಬೀದಿಗೆಲ್ಲ ಕೇಳುವಂತೆ ಬೈದಿದ್ದಳು. ಅವತ್ತಿನಿಂದ ಎಳೆಯುವ ಪಾಲು ತನ್ನದು, ತಳ್ಳುವ ಪಾಲು ಮನೆಯವರದು ಎಂದು ಗೆರೆ ಎಳೆದುಬಿಟ್ಟಿದ್ದ. ಒಡೆದರೆ ಅವರ ಟೈಲ್ಸು, ಅವರ ಹಣೆಬರಹ. ಅವನು ಒವನ್ನನ್ನು ಈಚೆಗೆ ಎಳೆದೇ ನೋಡುತ್ತಿದ್ದ, ಎಳೆದಲ್ಲೇ ಹಚ್ಚಿ ಪರೀಕ್ಷೆ ಮಾಡುತ್ತಿದ್ದ, ಚೀಲ ಹೆಗಲಿಗೇರಿಸಿ ಹೊರಡುತ್ತಿದ್ದ. ಇವತ್ತು ಸೆನ್ಸರಿನ ತಂತಿಗೆ ಸಿಕ್ಕಿಸಿದ್ದ ಮೀಟರಿನ ಕಡ್ಡಿಗಳನ್ನು ಕೀಳುವುದಕ್ಕೂ ಬೇಸರವಾಗಿ ಹಾಗೇ ಬಿಟ್ಟಿದ್ದ.

"ಬಸ್ಸನ್ನೇ ರಿವರ್ಸ್ ಹಾಕಿದೋನಿಗೆ ಇದ್ಯಾವ ಲೆಕ್ಕ," ಎಂದು ಭಾವ ಸೊಂಟ ಕೊಟ್ಟು ಒವನ್ನನ್ನು ಗೋಡೆಗೆ ಒತ್ತಿದರು.

ಮಡಿಲಲ್ಲಿದ್ದ ಮೀಟರಿನ ಅಂಕಿ ಸೊನ್ನೆಗೆ ಬಿತ್ತು.

ಫ್ಯೂಸಣ್ಣ ಕನ್ನಡಕ ಒರೆಸಿಕೊಂಡ. ಒಂಚೂರು ಮುಂದಕ್ಕೆಳೀರಿ ಎಂದ. ಅಂಕಿ ಎದ್ದು ನಿಂತಿತು. ತಳ್ಳಿ ಎಂದ. ಬಿತ್ತು. ಏನಪ್ಪಾ, ನನ್ನ ಕೈಲಿ ಕಸರತ್ತು ಮಾಡಿಸ್ತಿದೀಯಾ ಎಂದು ಭಾವ ಗೊಣಗಿದರು. ಅವನು ಟಾರ್ಚು ಹಿಡಿದು, ಕೆನ್ನೆಯನ್ನು ನೆಲಕ್ಕೆ ಹಚ್ಚಿ, ಒವನ್ನಿನ ಹಿಂದೆ ಕಣ್ಣು ಹಾಯಿಸಿದ.

ಗೋಡೆಯಿಂದ ಹಳೆಯ ನಲ್ಲಿಯ ಪೈಪಿನ ತುಂಡೊಂದು ಮೊಂಡು ಬೆರಳಿನ ಹಾಗೆ ಹೊರಚಾಚಿತ್ತು. ಒವನ್ನಿನ ಬೆನ್ನಿನ ತಗಡಿನ ಮೇಲೆ ಹಾದುಹೋದ ಸೆನ್ಸರಿನ ತಂತಿ ಸರಿಯಾಗಿ ಅದರ ತುದಿಗೆ ಸಿಕ್ಕಿ ಜಜ್ಜಿ ಹೋಗುತ್ತಿತ್ತು. ಬಿಸಿಯೇರಿ ತಗಡು ಹಿಗ್ಗಿದರಂತೂ ಇನ್ನಷ್ಟು. ತಂತಿಯ ಮೈಮೇಲಿನ ಹೊದಿಕೆ ಸವೆದು ಒಳಗಿನ ಎರಡು ಎಳೆಗಳು ಒಂದಕ್ಕೊಂದು ತಾಗುತ್ತಿದ್ದವು. ಎಳೆದರೆ ಬಿಟ್ಟುಕೊಳ್ಳುತ್ತಿದ್ದವು. ಅವನು ಎಳೆದೇ ನೋಡಿದ್ದ, ಎರಡು ಸಲವೂ.

ನೆತ್ತಿಗೇರಿದ ಸಿಟ್ಟು ಮೊದಲು ಭಾವನ ಕಡೆ ತಿರುಗಿತು.

"ಇಷ್ಟು ಒತ್ತಿ ತಳ್ಳಿ ಅಂತ ನಿಮಗೆ ಹೇಳಿದ್ದು ಯಾರು?"

"ನೀನೇ ಕಣಪ್ಪ," ಅಂದರು ಭಾವ. "ಸಂದು ಬಿಟ್ರೆ ಇಲಿ ಸೇರ್ಕೊಳುತ್ತೆ, ಚೆನ್ನಾಗಿ ಒತ್ತಿ ಅಂದೆ. ಬಾಗಿಲಲ್ಲಿ ಚಪ್ಪಲಿ ಹಾಕ್ಕೊಂಡು ಅಂದೆ."

ಹೌದು, ಅಂದಿದ್ದ. ಫ್ಯೂಸಣ್ಣನ ಬಾಯಲ್ಲಿ ಬಂದು ನಿಂತಿದ್ದ ಬೈಗುಳಕ್ಕೆ ಹೋಗಲು ಬೇರೆ ಮನೆಯಿರಲಿಲ್ಲ. ಅವನು ಅದನ್ನು ನುಂಗಿಕೊಂಡ. ಚೆನ್ನಾಗಿದ್ದ ಬೋರ್ಡನ್ನು ಕಿತ್ತು ಇನ್ನೊಂದು ಚೆನ್ನಾಗಿದ್ದದ್ದನ್ನು ಕೂಡಿಸಿದ್ದೆ ಅಕ್ಕಾ, ಅದರಲ್ಲಿ ಏನೂ ಕೆಟ್ಟಿರಲಿಲ್ಲ ಎಂದು ಅಕ್ಕನ ಮುಖ ನೋಡದೆಯೇ ಹೇಳಿದ. ಅವಳು ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟಳು.

ಒವನ್ನನ್ನು ಮತ್ತೆ ಈಚೆಗೆಳೆದು, ಸವೆದ ತುಂಡನ್ನು ಕತ್ತರಿಸಿ ಹೊಸ ತಂತಿ ಸೇರಿಸಿದ. ಬಿಸಿ ತಡೆಯುವ ಕೊಳವೆ ತೊಡಿಸಿ, ಪಕ್ಕದ ಅಂಚಿನಿಂದ ಸುತ್ತಿ ತಂದು ಬೋರ್ಡಿಗೆ ಬಿಗಿದು ಮುಚ್ಚಳ ಹಾಕಿದ. ಆಮೇಲೆ ಪೈಪಿನ ತುಂಡಿಗೆ ಗರಗಸ ಹಚ್ಚಿದ. ನೀರಿಲ್ಲದ ಹಳೇ ಪೈಪು, ಆದರೂ ಹಟಮಾರಿ. ಒಂದಿಷ್ಟು ಕೊಯ್ಯುವುದು, ಕೈ ಸೋತು ನಿಲ್ಲಿಸುವುದು. ಕೊಡು ಇತ್ಲಾಗೆ ಎಂದು ಭಾವ ಕಸಿದುಕೊಂಡು ತಾವೂ ಒಂದಿಷ್ಟು ಕೊಯ್ದರು. ಇಬ್ಬರ ಏದುಸಿರು ಸೇರಿ ಅಡುಗೆಮನೆ ಹಳೆ ಬಸ್ಸಿನ ಎಂಜಿನ್ನಿನಂತೆ ಕೇಳಿಸುತ್ತಿತ್ತು. ಕೊನೆಗೆ ತುಂಡು ಠಣ್ಣೆಂದು ಬಿತ್ತು.

ಈ ಸಲ ತಳ್ಳಲು ಅವನೂ ಹೆಗಲು ಕೊಟ್ಟ. ತಳ್ಳಿದ ಜಾಗದಲ್ಲೇ ಪ್ಲಗ್ ಹಾಕಿ ಹಚ್ಚಿದ. ಒವನ್ ಕಾಯುವ ತನಕ ಮೂವರೂ ಗಾಜಿನ ಮೇಲಿನ ಅಂಕಿಯನ್ನೇ ನೋಡಿದರು. ಕಾದಿತು. ಅಕ್ಕ ಮೊದಲ ಟ್ರೇ ಒಳಗಿಟ್ಟಳು. ಬ್ರೆಡ್ಡಿನ ನೆತ್ತಿ ಮೆಲ್ಲಗೆ ಉಬ್ಬಿತು, ಕೆಂಪೇರಿತು. ಗಾಜಿನ ಮೇಲೆ ಬಿಸಿಯ ಅಂಕಿ ಬಿಟ್ಟು ಬೇರೇನೂ ಬರಲಿಲ್ಲ. ಭಾವ ವಾರ್ಡನಮ್ಮನಿಗೆ ಫೋನು ಮಾಡಿ ಸಂಜೆ ಬ್ರೆಡ್ ಬರುತ್ತದೆ ಎಂದು ಹೇಳಲು ಹಜಾರಕ್ಕೆ ಹೋದರು.

ಅಕ್ಕ ಅವನ ಪಕ್ಕ ನೆಲದ ಮೇಲೆ ಕೂತಳು. ಅವಳ ಮುಖ ಅರಳುತ್ತದೆ ಎಂದು ಅವನು ಕಾದಿದ್ದ. ಅರಳಲಿಲ್ಲ.

"ಒಂದು ಮಾತು ಹೇಳ್ತೀನಿ, ಬೈಬೇಡ," ಅಂದಳು. "ಇದು ಕೆಟ್ಟಿದ್ದ ದಿನ ಬೆಳಕಾಗೋವರೆಗೂ ಮಲಗ್ತಿದ್ದೆ. ಎಷ್ಟು ವರ್ಷ ಆಗಿತ್ತೋ ಹಾಗೆ ಮಲಗಿ. ಇವತ್ತೂ ಸರಿಹೋಗದೇ ಇದ್ರೆ ಇರಲಿ ಬಿಡು ಅಂತ ಒಂದ್ಕಡೆ ಅನ್ನಿಸ್ತಿತ್ತು."

ಬೇರೆ ದಿನವಾಗಿದ್ದರೆ ಅವನು ಭೂಮಿ ಆಕಾಶ ಒಂದು ಮಾಡುತ್ತಿದ್ದ. ಈಗ ಅವನಿಗೆ ಆ ಮಾತಿನಲ್ಲಿ ತಪ್ಪೇ ಕಾಣಲಿಲ್ಲ. ಮುಂದಿನ ರಿಪೇರಿಯ ಮನೆಯವರು ಕರೆಯುತ್ತಿದ್ದ ಅವನ ಫೋನು ಚೀಲದೊಳಗೆ ಕೂಗಿ ಕೂಗಿ ಸುಮ್ಮನಾಯಿತು.

"ಮತ್ತೆ ಕೆಡಿಸಿಬಿಡ್ಲಾ ಅಕ್ಕಾ?"

"ಥೂ, ಬೇಡ. ಬ್ರೆಡ್ ಒಳಗಿದೆ."

ಇಬ್ಬರಿಗೂ ಸಣ್ಣಗೆ ನಗು ಬಂತು. ಎರಡನೇ ಟ್ರೇಗೆ ಹಿಟ್ಟು ತುಂಬಬೇಕಿತ್ತು. ಅಕ್ಕ ಅವನ ಹೆಗಲ ಮೇಲೆ ಪೂರ್ತಿ ಭಾರ ಬಿಟ್ಟು ಎದ್ದಳು. ಹೆಗಲು ನೋಯುತ್ತಿದ್ದರೂ ಅವನು ಅಲುಗದೆ ಕೂತಿದ್ದ.