ಒಂದು ಮನಿಗೆ ಒಂದು ನಳ

ಮೂಕಮ್ಮ ರಾಯಚೂರಿಗೆ ಬಂದದ್ದು ಎಪ್ಪತ್ತೆಂಟರಲ್ಲಿ, ಮಾನ್ವಿಯಿಂದ ವರ್ಗ ಮಾಡಿಸಿಕೊಂಡು. ಅವಳು ಹೆರಿಗೆ ಮಾಡಿಸುವ ನರ್ಸು. ನೀರಮಾನ್ವಿ, ಮಲ್ಲಟ ಅಂತ ಸುತ್ತಿನ ಊರೆಲ್ಲ ಚೀಲ ಹಿಡಿದು ತಿರುಗಿದವಳು. ಗಂಡ ಸೂಗಪ್ಪ ಮಾನ್ವಿಯಲ್ಲೇ ಮಾಸ್ತರನಾಗಿದ್ದ. ಮಕ್ಕಳಾಗಲಿಲ್ಲವೆಂದು ಇನ್ನೊಬ್ಬಳನ್ನು ಕಟ್ಟಿಕೊಂಡು ಅದೇ ಓಣಿಯಲ್ಲಿ ಬೇರೆ ಮನೆ ಮಾಡಿದ. ಆ ಹೆಂಗಸಿನ ಮೊದಲ ಹೆರಿಗೆಗೆ ಕರೆ ಬಂದದ್ದು ಮೂಕಮ್ಮನಿಗೇ. ಹೋದಳು, ಕೂಸನ್ನು ಒರೆಸಿ ತಾಯಿಯ ಮಗ್ಗುಲಲ್ಲಿ ಮಲಗಿಸಿ, ಕೈ ತೊಳೆದುಕೊಂಡು ಬಂದಳು. ಬಂದವಳು ಮೊದಲು ಮಾಡಿದ ಕೆಲಸವೆಂದರೆ ವರ್ಗಕ್ಕೆ ಅರ್ಜಿ ಬರೆದದ್ದು.

ರಾಯಚೂರಿನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟವಾಯಿತು. ಎಲ್ಲರೂ ಮೊದಲು ಊರು ಕೇಳುತ್ತಿದ್ದರು. ದೇವದುರ್ಗದ ಹತ್ತಿರ ಜಾಲಹಳ್ಳಿ ಅಂದರೆ, ಜಾಲಹಳ್ಳಿಯಲ್ಲಿ ಯಾವ ಓಣಿ ಅನ್ನುತ್ತಿದ್ದರು. ಅವಳು ತಮ್ಮ ಕೇರಿಯ ಹೆಸರು ಹೇಳಿದ ಮೇಲೆ ಮನೆ ಖಾಲಿ ಇರುತ್ತಿರಲಿಲ್ಲ. ಕೊನೆಗೆ ಹಳೆಯ ಕಲ್ಲಿನ ಮನೆಯೊಂದರ ಅರ್ಧ ಭಾಗ ಮಾರಾಟಕ್ಕಿದೆಯೆಂದು ಗೊತ್ತಾಗಿ, ಕೂಡಿಟ್ಟದ್ದನ್ನೆಲ್ಲ ಸುರಿದು ಕೊಂಡುಬಿಟ್ಟಳು. ಇನ್ನರ್ಧದಲ್ಲಿ ಮುನವ್ವರ್ ಬೀ ಎಂಬ ಮುದುಕಿ, ಲಾರಿ ಓಡಿಸುವ ಮಗ, ಸೊಸೆ ಗುಲ್ಶನ್ ಬೇಗಂ ಇದ್ದರು. ಒಂದೇ ಆಗಿದ್ದ ಮನೆಗೆ ನಡುವೆ ಗೋಡೆ ಹಾಕಿ ಎರಡು ಮಾಡಿದ್ದರು. ನೀರಿನ ನಳ ಮಾತ್ರ ಒಂದೇ ಉಳಿದಿತ್ತು, ಅದೂ ಮೂಕಮ್ಮನ ಅಂಗಳದಲ್ಲಿ.

ಮೊದಲ ದಿನ ಆ ನಳ ತಿರುವಿದಾಗ ಅವಳಿಗೆ ಅವ್ವನ ನೆನಪಾಯಿತು. ಜಾಲಹಳ್ಳಿಯ ಬಾವಿಯ ಹತ್ತಿರ ಅವ್ವ ಖಾಲಿ ಕೊಡ ಮುಂದಿಟ್ಟುಕೊಂಡು, ಯಾರಾದರೂ ಬಂದು ಸೇದಿ ಮೇಲಿಂದ ಹೊಯ್ಯಲಿ ಎಂದು ಬಿಸಿಲು ಏರುವವರೆಗೆ ಕೂತಿರುತ್ತಿದ್ದಳು. ಈಗ ಮಗಳ ಮನೆಯಲ್ಲೇ ನೀರು. ಅದನ್ನು ಹೇಳಿಕೊಳ್ಳಲು ಅವ್ವ ಇರಲಿಲ್ಲ. ಓಣಿಯಲ್ಲಿ ಹೇಳುವಂಥವರೂ ಇರಲಿಲ್ಲ.

"ಮೂಕಮ್ಮಾ, ನಳ ಬಂತೇನವ್ವಾ?" ಎಂದು ಕೂಗುತ್ತ ಮಾರನೆಯ ಬೆಳಿಗ್ಗೆ ಮುನವ್ವರ್ ಬೀ ಎರಡು ಕೊಡ ಹಿಡಿದು ಒಳಗೇ ಬಂದಳು.

"ಬಂದದ ಆಪಾ, ಬರ್ರಿ," ಅಂದಳು ಮೂಕಮ್ಮ. ಅಂದು ಶುರುವಾದದ್ದು ದಿನದ ಪದ್ಧತಿಯಾಯಿತು. ಕೊಡ ತುಂಬುವಷ್ಟು ಹೊತ್ತು ಮುದುಕಿ ಕಲ್ಲಿನ ಮೇಲೆ ಕೂತು ಮೊಣಕಾಲು ನೋವು, ಮಗನ ಲಾರಿ, ಸೊಸೆಯ ರೊಟ್ಟಿ ಎಲ್ಲವನ್ನೂ ಹೇಳುತ್ತಿದ್ದಳು. ಮೂಕಮ್ಮ ಚಹಾ ಮಾಡುತ್ತಿದ್ದಳು. ಬೇಸಿಗೆಯಲ್ಲಿ ಬೀದಿಯ ನಳ ಒಣಗಿದಾಗ ಓಣಿಯ ಉಳಿದವರು ಅವಳ ಬಾಗಿಲ ಮುಂದೆಯೇ ಹಾದು ಬಹುದೂರ ಕೊಡ ಹೊತ್ತು ಹೋಗುತ್ತಿದ್ದರೇ ಹೊರತು ಒಳಗೆ ಬರುತ್ತಿರಲಿಲ್ಲ. ಅವಳ ಮನೆಯ ನೀರು ಒಯ್ಯುತ್ತಿದ್ದದ್ದು ಮುನವ್ವರ್ ಬೀ ಒಬ್ಬಳೇ.

ಎಂಬತ್ತಮೂರರ ಮಳೆಗಾಲದಲ್ಲಿ ನೀರಿಗೆ ಬಣ್ಣ ಬಂತು. ಮೊದಲು ತುಸು ಕೆಂಪು, ತುಕ್ಕಿನ ಬಣ್ಣ. ಆಮೇಲೆ ಒಂದು ನಮೂನೆ ವಾಸನೆ. ಇಬ್ಬರೂ ಬಟ್ಟೆ ಕಟ್ಟಿ ಸೋಸಿ ತುಂಬಿಕೊಂಡರು. "ಕಾಯಿಸಿ ಕುಡೀರಿ ಆಪಾ," ಎಂದು ಮೂಕಮ್ಮ ಹೇಳಿದ್ದೂ ಹೌದು, ಮುದುಕಿ ಕೆಲವು ದಿನ ಕಾಯಿಸಿದ್ದೂ ಹೌದು. ಆದರೆ ಸೌದೆ ಹಸಿಯಾಗಿತ್ತು, ಮಳೆ ಬಿಡುತ್ತಿರಲಿಲ್ಲ.

ಗುಲ್ಶನ್‌ಗೆ ಆಗ ಏಳು ತಿಂಗಳು. ಒಂದು ಮಧ್ಯಾಹ್ನ ಮೂಕಮ್ಮ ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಬಿಳಿಯ ಭಾಗ ಅರಿಸಿನವಾಗಿತ್ತು. ಬಸುರಿಗೆ ಕಾಮಾಲೆ ಬಂದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆಗಲೇ ಟಾಂಗಾ ತರಿಸಿ ದೊಡ್ಡಾಸ್ಪತ್ರೆಗೆ ಸೇರಿಸಿದಳು, ರಜೆ ಹಾಕಿ ಪಕ್ಕದಲ್ಲೇ ಕೂತಳು. ಗುಲ್ಶನ್ ಉಳಿದಳು. ಕೂಸು ಹೊಟ್ಟೆಯಲ್ಲೇ ಹೋಯಿತು.

ನಿನ್ನ ನಳದ ನೀರಿನಿಂದಲೇ ಹೀಗಾಯಿತೆಂದು ಮುನವ್ವರ್ ಬೀ ದೂರಲಿಲ್ಲ. ದೂರಿದ್ದರೆ ಮೂಕಮ್ಮನಿಗೆ ಹಗುರಾಗುತ್ತಿತ್ತೇನೋ. ಗುಲ್ಶನ್ ಮನೆಗೆ ಬಂದ ಮೊದಲ ಬೆಳಿಗ್ಗೆಯೂ ಮುದುಕಿ ಎಂದಿನಂತೆ ಕೊಡ ಹಿಡಿದು ಬಂದು, ಕಲ್ಲಿನ ಮೇಲೆ ಕೂತು, ನೀರು ಬೀಳುವುದನ್ನೇ ನೋಡುತ್ತಿದ್ದಳು. ಮೂಕಮ್ಮ ಎದ್ದು ನಳ ಬಂದ್ ಮಾಡಿದಳು.

"ಈ ನೀರು ಬ್ಯಾಡ ಆಪಾ. ಪೈಪು ತೆಗಸ್ತೀನಿ."

ಪ್ಲಂಬರ್ ಉರುಕುಂದಪ್ಪ ಬಂದು ಬಾಗಿಲ ಮುಂದೆ ಅಗೆದು ನೋಡಿದ. ಹಿಂದಿನ ಕಾಲದಲ್ಲಿ ಯಾರೋ ಹತ್ತಿರವಾಗುತ್ತದೆಂದು ಪೈಪನ್ನು ಮೋರಿಯೊಳಗೇ ಹಾಯಿಸಿದ್ದರು. ಕಬ್ಬಿಣ ತಿಂದುಹೋಗಿ ಅಲ್ಲಲ್ಲಿ ತೂತಾಗಿತ್ತು. ನಳದಲ್ಲಿ ನೀರು ಬರುವಾಗ ಹೊರಗೆ ಸೋರುತ್ತಿತ್ತು, ನಿಂತಾಗ ಮೋರಿಯ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತಿತ್ತು.

"ಈಗಿಂದೀಗ ಬದಲು ಮಾಡಪ್ಪಾ," ಅಂದಳು ಮೂಕಮ್ಮ.

"ನಾ ಹಂಗ ಕೈ ಹಚ್ಚಂಗಿಲ್ರಿ ಸಿಸ್ಟರಮ್ಮ. ಪರವಾನಗಿ ಬೇಕು. ರಸ್ತೆ ಅಗಿಯಾಕ ಬ್ಯಾರೆ ಪರವಾನಗಿ. ಸುಮ್ನ ಹಾಕಿದ್ರ ನನ್ನ ಲೈಸೆನ್ಸ್ ಹೋಗ್ತದ."

ಹೀಗೆ ಅವಳು ನೀರಿನ ಕಚೇರಿಯ ಮೆಟ್ಟಿಲು ಹತ್ತಿದಳು. ಡ್ಯೂಟಿ ಮುಗಿಸಿ ಬಿಳಿ ಸೀರೆಯಲ್ಲೇ ಹೋಗಿ ಬೆಂಚಿನ ಮೇಲೆ ಕೂಡುತ್ತಿದ್ದಳು. ಒಮ್ಮೆ ಮನೆಯ ಕಾಗದ ಬೇಕು, ಒಮ್ಮೆ ಪೈಪು ಹಾಯುವ ದಾರಿಯ ನಕ್ಷೆ ಬೇಕು, ಒಮ್ಮೆ ಸಾಹೇಬರು ದೇವದುರ್ಗಕ್ಕೆ ಹೋಗಿದ್ದಾರೆ. ಬೆಂಚಿನ ಮೇಲೆ ಕೂತವರೆಲ್ಲ ಗಂಡ, ಮಗ, ಅಳಿಯ ಅಂತ ಯಾರನ್ನಾದರೂ ಜೊತೆಗೆ ತಂದಿರುತ್ತಿದ್ದರು. ಗುಮಾಸ್ತ ಕೆಟ್ಟವನಲ್ಲ, ತಾಳ್ಮೆಯಿಂದ ಕಾಯ್ದೆ ತಿಳಿಸಿದ. ನೀರಿನ ಪೈಪು ಮೋರಿಯೊಳಗೆ ಹಾಯಬಾರದು, ದೂರ ಇರಬೇಕು. ದಾಟಲೇಬೇಕಾದಲ್ಲಿ ಮೋರಿಯ ಮೇಲಿಂದ, ಇನ್ನೊಂದು ದೊಡ್ಡ ಪೈಪಿನೊಳಗೆ ಹಾಕಿ ದಾಟಿಸಬೇಕು. ಬೀದಿಯ ದೊಡ್ಡ ಪೈಪಿಗೆ ಜೋಡಿಸುವವನು ಕಚೇರಿಯ ಆಳೇ ಆಗಿರಬೇಕು. ಇಂಜಿನಿಯರು ಬಂದು ನೋಡುವ ತನಕ ಮಣ್ಣು ಮುಚ್ಚಬಾರದು.

ಅವಳು ಎಲ್ಲಕ್ಕೂ ಗೋಣು ಹಾಕಿದಳು. ಅವನು ಪೆನ್ನು ಎತ್ತಿ ಕೇಳಿದ.

"ಈ ನಳದಾಗ ಎಷ್ಟು ಮನಿಯವರು ತುಂಬ್ತೀರಿ?"

"ಎರಡು."

"ಎರಡು ಆಗಂಗಿಲ್ರಿ. ಹಳೇದು ಇರೂತನ ನಡೀತು. ಹೊಸದು ಹಾಕೋದಂದ್ರ ಒಂದು ಮನಿಗೆ ಒಂದು ನಳ. ಅವರದು ಅವರು ಬ್ಯಾರೆ ಅರ್ಜಿ ಕೊಡ್ಲಿ."

ಒಂದೇ ಮನೆ ಎಂದು ಮೂಕಮ್ಮ ಹೇಳಿದ್ದರೆ ಮುಗಿಯುತ್ತಿತ್ತು. ಮುದುಕಿ ಎಂದಿನಂತೆ ಕೊಡ ಹಿಡಿದು ಬರುತ್ತಿದ್ದಳು, ಕೇಳುವವರು ಯಾರೂ ಇರಲಿಲ್ಲ. ಈಗಲೂ ತಿದ್ದಿ ಹೇಳಬಹುದಿತ್ತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದವಳಿಗೆ ಆಸ್ಪತ್ರೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಗುಲ್ಶನ್ ಕಣ್ಣಿಗೆ ಬಂದಳು. ತನ್ನ ನಳ ಕೆಟ್ಟರೆ ಇನ್ನೊಂದು ಮನೆಯೂ ಕೆಡುವುದು ಇನ್ನು ಬೇಡ ಅನ್ನಿಸಿತು.

"ಅವರ ಅರ್ಜೀನೂ ಕೊಡ್ರಿ, ನಾನ ತುಂಬಿಸ್ತೀನಿ," ಅಂದಳು.

ಸುದ್ದಿ ಕೇಳಿ ಮುನವ್ವರ್ ಬೀಗೆ ಸಿಟ್ಟು ಬಂತು. "ನನಗ್ಯಾಕ ಬ್ಯಾರೆ ನಳ? ನಿನ್ನ ಅಂಗಳ ನನಗ ದೂರ ಆತೇನು?"

"ದೂರಲ್ಲ ಆಪಾ. ಕಾಯ್ದೆ ಹಂಗದ."

"ಕಾಯ್ದೆಗೇನು ಗೊತ್ತು," ಎಂದು ಗೊಣಗಿ ಮುದುಕಿ ಹೆಬ್ಬೆಟ್ಟು ಒತ್ತಿದಳು.

ಪರವಾನಗಿ ಬರುವ ಹೊತ್ತಿಗೆ ಸಂಕ್ರಾಂತಿ ಕಳೆದಿತ್ತು. ಅಲ್ಲಿಯ ತನಕ ಇಬ್ಬರೂ ಬೀದಿಯ ನಳದಿಂದ ಹೊತ್ತು ತಂದರು. ಅಲ್ಲಿ ಮೂಕಮ್ಮನ ಸರದಿ ಮುಗಿದ ಮೇಲೆ ಕೆಲವರು ನಳವನ್ನು ತೊಳೆದು ಆಮೇಲೆ ತಮ್ಮ ಕೊಡ ಇಡುತ್ತಿದ್ದರು. ಒಂದು ದಿನ ಮುನವ್ವರ್ ಬೀ ಹಾಗೆ ಇಟ್ಟ ಕೊಡವೊಂದನ್ನು ಕಾಲಿನಿಂದ ಸರಿಸಿ, "ಆಸ್ಪತ್ರ್ಯಾಗ ನಿಮ್ಮ ಮಕ್ಕಳನ್ನ ಮೊದಲು ಹಿಡಿದ ಕೈ ಅದು. ಅವರನ್ನೂ ತೊಳಕೊಂಡು ಬರ್ರಿ," ಅಂದಳು. ಮೂಕಮ್ಮ ತುಂಬಿದ ಕೊಡ ಎತ್ತಿಕೊಂಡು ಬೇಗ ಬೇಗ ಮನೆಗೆ ನಡೆದಳು. ಕಣ್ಣೀರು ಬಂದದ್ದು ಬಾಗಿಲು ಹಾಕಿಕೊಂಡ ಮೇಲೆ.

ಉರುಕುಂದಪ್ಪ ಮೋರಿಯಿಂದ ದೂರ ಹೊಸ ಕಾಲುವೆ ತೋಡಿ, ಎರಡು ಹೊಸ ಪೈಪು ಜೋಡಿಯಾಗಿ ಹಾಕಿದ. ಗೋಡೆಯ ಹತ್ತಿರ ಬಂದು ಒಂದು ಈ ಕಡೆ ತಿರುಗಿತು, ಇನ್ನೊಂದು ಆ ಕಡೆ. ಇಂಜಿನಿಯರು ಬಂದು ಬಗ್ಗಿ ನೋಡಿ, ನೀರು ಬಿಡಿಸಿ, ಕೀಲುಗಳ ಮೇಲೆ ಕೈಯಾಡಿಸಿ, ಮುಚ್ಚಿರಿ ಅಂದರು. ನೀರು ಬಂದಾಗ ಗಾಜಿನ ಹಾಗಿತ್ತು. ಮೂಕಮ್ಮ ಬೊಗಸೆಯಲ್ಲಿ ಹಿಡಿದು ಮೂಸಿ ನೋಡಿದಳು. ಯಾವ ವಾಸನೆಯೂ ಇರಲಿಲ್ಲ. ಚಹಾಕ್ಕೆ ನೀರಿಟ್ಟಳು. ಗೋಡೆಯಾಚೆ ಮುದುಕಿಯ ಕೊಡಕ್ಕೆ ನೀರು ಬೀಳುವ ಸದ್ದು ಕೇಳುತ್ತಿತ್ತು. ಚಹಾ ಆಗಿ ಆರಿತು, ಯಾರೂ ಬರಲಿಲ್ಲ. ಬರದಿರಲು ಜಗಳವೇನೂ ಆಗಿರಲಿಲ್ಲ. ನೀರು ಬರುವುದು ಬೆಳಿಗ್ಗೆ ಒಂದಿಷ್ಟು ಹೊತ್ತು, ಆ ಹೊತ್ತಿಗೆ ಎರಡೂ ಮನೆಯವರು ತಮ್ಮ ತಮ್ಮ ಅಂಗಳದಲ್ಲಿರಬೇಕಾಗುತ್ತಿತ್ತು. ಅಷ್ಟೇ. ಮೊದಮೊದಲು ಮುನವ್ವರ್ ಬೀ ಗೋಡೆಯಾಚೆಯಿಂದ "ಬಂತೇನವ್ವಾ?" ಎಂದು ಕೂಗುತ್ತಿದ್ದಳು, ಇವಳು "ಬಂತು ಆಪಾ" ಅನ್ನುತ್ತಿದ್ದಳು. ಬರಬರುತ್ತ ಅದೂ ಕಡಿಮೆಯಾಯಿತು. ಮುದುಕಿಯ ಮೊಣಕಾಲು ಪೂರ್ತಿ ಹಿಡಿದುಕೊಂಡಿತ್ತು. ಗುಲ್ಶನ್ ಮಾತು ಕಡಿಮೆಯ ಹುಡುಗಿ. ಹಬ್ಬಕ್ಕೆ ಶಾವಿಗೆಯ ಸೇವಯ್ಯಿ ತಪ್ಪದೆ ಬರುತ್ತಿತ್ತು, ಡಬ್ಬಿ ಹಿಂದಿರುಗಿಸಲು ಹೋದಾಗ ಒಂದು ಗಳಿಗೆ ಮಾತು.

ಎಂಬತ್ತೈದರಲ್ಲಿ ಗುಲ್ಶನ್ ಮತ್ತೆ ಬಸುರಾದಳು. ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. "ಸಿಸ್ಟರಮ್ಮ ಇದ್ರ ಸಾಕು," ಅಂದಳು. ನಸುಕಿನಲ್ಲಿ ಕರೆ ಬಂತು. ಮೂಕಮ್ಮ ಚೀಲ ತೆಗೆದುಕೊಂಡು ಹೋದಳು. ಅವರ ನಳದ ನೀರನ್ನೇ ಹಂಡೆ ತುಂಬ ಕಾಯಿಸಿದ್ದರು. ಬಿಸಿಲೇರುವಾಗ ಹೆಣ್ಣು ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಿತು. ಮುನವ್ವರ್ ಬೀ ಹಾಸಿಗೆಯಿಂದಲೇ ಕೈ ಚಾಚಿ ಮೂಕಮ್ಮನ ಕೆನ್ನೆ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದಳು, ಕೂಸಿಗಿಂತ ಮೊದಲು ಇವಳಿಗೆ.

"ಉಂಡು ಹೋಗು," ಅಂದಳು.

"ನಳ ಬರೂ ಹೊತ್ತಾತು ಆಪಾ."

ನೆಂಟರು ಬರತೊಡಗಿದ್ದರು, ಮನೆ ಗದ್ದಲದಿಂದ ತುಂಬುತ್ತಿತ್ತು. ಮೂಕಮ್ಮ ತನ್ನ ಬಾಗಿಲು ತೆಗೆದು ಒಳಗೆ ಬಂದಳು. ನೀರು ಬಂದಿತ್ತು. ಕೈ ಮತ್ತೊಮ್ಮೆ ತೊಳೆದು ಎರಡು ಕೊಡ ತುಂಬಿದಳು. ಒಬ್ಬಳಿಗೆ ಅಷ್ಟು ಸಾಕಾಗುತ್ತಿತ್ತು. ಗೋಡೆಯಾಚೆ ಕೂಸು ಅಳುತ್ತಿತ್ತು, ಯಾರೋ ನಗುತ್ತಿದ್ದರು. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳಿದಳು. ಆಮೇಲೆ, ನೀರು ಇನ್ನೂ ಜೋರಾಗಿ ಬರುತ್ತಿದ್ದಾಗಲೇ, ನಳ ತಿರುವಿ ಬಂದ್ ಮಾಡಿ ಡ್ಯೂಟಿಯ ಸೀರೆ ಉಡಲು ಒಳಗೆ ಹೋದಳು.